ನೆಲೆ ದೊರೆತ ತರುವಾಯ

ಮೈಸೂರಿನಿಂದ ಮಡಿಕೇರಿಗೆ ಹೋಗುವವರು ಪಿರಿಯಾಪಟ್ಟಣವನ್ನು ದಾಟಿದ ಮೇಲೆ, ಕುಶಾಲನಗರವನ್ನು ಮುಟ್ಟುವುದಕ್ಕೆ ಸ್ವಲ್ಪ ಮೊದಲು, ಬೈಲಕುಪ್ಪೆಯಲ್ಲಿ ಇಳಿದು ಅಲ್ಲಿನ ಬೌದ್ಧವಿಹಾರವನ್ನು ನೋಡಿಕೊಂಡು ಮುಂದೆ ಹೋಗುವುದು ಈಗ ವಾಡಿಕೆಯಾಗಿದೆ. ಹೊನ್ನಿನ ಬಣ್ಣದ ದೊಡ್ಡ ವಿಗ್ರಹಗಳು, ಕೆಂಪು ವಸ್ತ್ರದ ಭಿಕ್ಷುಗಳು, ಗಾಳಿಗೆ ಪಟಪಟಿಸುವ ಮಂತ್ರಪತಾಕೆಗಳು, ಮುಸುಕಿನ ಜೋಳದ ಹೊಲಗಳು, ಇಷ್ಟನ್ನು ಕಂಡು ಬಂದವರು, 'ನಾಡು ಬಿಟ್ಟು ಬಂದವರಾದರೂ ಇವರು ಸುಖವಾಗಿದ್ದಾರೆ' ಎಂದು ಹೇಳುವುದುಂಟು. ಆ ಮಾತು ಸುಳ್ಳಲ್ಲ. ಆದರೆ ಅದು ಹೇಗೆ ನಿಜವಾಯಿತು, ಎಷ್ಟರ ಮಟ್ಟಿಗೆ ನಿಜ, ಇನ್ನೆಷ್ಟು ಕಾಲ ನಿಜವಾಗಿರಬಲ್ಲುದು ಎಂದು ಕೇಳುವವರು ವಿರಳ.

ನಿರಾಶ್ರಿತರ ವಿಷಯದಲ್ಲಿ ನಮ್ಮೆಲ್ಲರ ಮನಸ್ಸಿನಲ್ಲಿ ಬೇರೂರಿರುವ ಒಂದು ಭಾವನೆಯಿದೆ. ಅವರ ಕಷ್ಟವೆಲ್ಲ ಓಡಿ ಬರುವ ದಾರಿಯಲ್ಲಿದೆ, ನೆಲೆಯೊಂದು ದೊರೆತ ಕೂಡಲೆ ಕಷ್ಟದ ಕಥೆ ಮುಗಿಯಿತು, ಎಂದು ನಾವು ತಿಳಿಯುತ್ತೇವೆ. ಸರಕಾರದ ಕಡತಗಳೂ ಅಲ್ಲಿಗೇ ನಿಲ್ಲುತ್ತವೆ: ಇಷ್ಟು ಎಕರೆ ಜಮೀನು, ಇಷ್ಟು ಮನೆಗಳು, ಇಷ್ಟು ಜೊತೆ ಎತ್ತುಗಳು. ಕಳೆದ ಒಂದು ಶತಮಾನದಲ್ಲಿ ಮನೋವೈದ್ಯರು ಕಂಡುಕೊಂಡುದು ಇದಕ್ಕೆ ಬಹುಮಟ್ಟಿಗೆ ವ್ಯತಿರಿಕ್ತವಾಗಿದೆ. ಓಡಿ ಬಂದವನ ಚಿತ್ತವು ಉಳಿಯುವುದೂ ಅಳಿಯುವುದೂ ಅನೇಕ ವೇಳೆ ನೆಲೆ ದೊರೆತ ತರುವಾಯವೇ. ಅದಕ್ಕೆ ಕಾರಣವಾಗುವುದು ಅವನು ಕಂಡ ರಕ್ತಪಾತವೊಂದೇ ಅಲ್ಲ. ಹೊಸ ನೆಲದಲ್ಲಿ ಅವನನ್ನು ಯಾರ ನಡುವೆ ಇರಿಸಿದರು, ಯಾವ ಕೆಲಸಕ್ಕೆ ಹಚ್ಚಿದರು, ಎಷ್ಟು ದಿನದ ಮಾತೆಂದು ಹೇಳಿದರು ಎಂಬುವೂ ಅಷ್ಟೇ ಬಲವಾದ ಕಾರಣಗಳು. ಬೈಲಕುಪ್ಪೆಯ ಚರಿತ್ರೆಯನ್ನು ಈ ದೃಷ್ಟಿಯಿಂದ ನೋಡುವುದು ನಮ್ಮ ಉದ್ದೇಶ. ನಡುವೆ ಕೆಲವು ದೂರದ ದೇಶಗಳಿಗೂ ಹೋಗಿ ಬರಬೇಕಾಗುತ್ತದೆ.

1959ನೆಯ ಮಾರ್ಚ್ ತಿಂಗಳಲ್ಲಿ ಲ್ಹಾಸಾ ನಗರದಲ್ಲಿ ಚೀನೀಯರ ವಿರುದ್ಧವಾಗಿ ದಂಗೆಯೆದ್ದು, ಆ ತಿಂಗಳ 31ರಂದು ದಲೈ ಲಾಮಾ ಅವರು ಭಾರತದ ಗಡಿಯನ್ನು ದಾಟಿದರು. ಅವರ ಹಿಂದೆ ಸುಮಾರು 80,000 ಜನ ಹಿಮಾಲಯದ ಕಣಿವೆಗಳನ್ನು ಹಾಯ್ದು ಬಂದರು. ಅಸ್ಸಾಮಿನ ಮಿಸ್ಸಾಮಾರಿಯಲ್ಲಿ ಬಿದಿರಿನ ಗುಡಿಸಲುಗಳ ಶಿಬಿರ ಎದ್ದಿತು. ಭಿಕ್ಷುಗಳನ್ನು ಬಂಗಾಳದ ಬಕ್ಸಾ ಎಂಬಲ್ಲಿಗೆ ಕಳುಹಿಸಿದರು. ಅದು ಬ್ರಿಟಿಷರ ಕಾಲದಲ್ಲಿ ರಾಜಕೀಯ ಬಂದಿಗಳನ್ನು ಕೂಡಿಹಾಕುತ್ತಿದ್ದ ಸೆರೆಮನೆ. ಬಯಲುಸೀಮೆಯ ಸೆಕೆಯನ್ನೇ ಕಂಡರಿಯದ ಆ ಜನರನ್ನು ಕ್ಷಯವೂ ಹೊಟ್ಟೆಯ ಬೇನೆಗಳೂ ಹಿಡಿದು, ಅನೇಕರು ಅಲ್ಲಿಯೇ ತೀರಿಹೋದರು. ಬದುಕಿದವರಲ್ಲಿ ಸಾವಿರಾರು ಜನ ಹಿಮಾಲಯದ ತಪ್ಪಲಿನಲ್ಲಿ ರಸ್ತೆ ಕಡಿಯುವ ಕೂಲಿಗೆ ಹೋದರು. ನಿನ್ನೆಯವರೆಗೆ ಕುರಿಮಂದೆಗಳ ಒಡೆಯನಾಗಿದ್ದವನು, ಮಠದಲ್ಲಿ ನ್ಯಾಯಶಾಸ್ತ್ರವನ್ನು ಪಾಠ ಹೇಳುತ್ತಿದ್ದವನು, ದೊಡ್ಡ ಮನೆತನದ ಯಜಮಾನಿ, ಎಲ್ಲರೂ ಒಂದೇ ಸಾಲಿನಲ್ಲಿ ಕುಳಿತು ಜಲ್ಲಿ ಒಡೆದರು.

ಇವರನ್ನು ಎಲ್ಲಿ ಒಕ್ಕಲೆಬ್ಬಿಸದಂತೆ ನೆಲೆಗೊಳಿಸುವುದೆಂದು ಕೇಂದ್ರ ಸರಕಾರದವರು ಪ್ರಾಂತ ಪ್ರಾಂತಗಳನ್ನು ಕೇಳಿದಾಗ, ಮೈಸೂರು ರಾಜ್ಯವು ಪಿರಿಯಾಪಟ್ಟಣದ ತಾಲ್ಲೂಕಿನಲ್ಲಿ ಸುಮಾರು 3,000 ಎಕರೆ ನೆಲವನ್ನು ಕೊಡಲು ಮುಂದೆ ಬಂದಿತು. 1960ರ ಕೊನೆಯಿಂದ ತಂಡ ತಂಡವಾಗಿ ಜನ ಬಂದಿಳಿದರು. ಲುಗ್ಸುಂಗ್ ಸಮ್ಡುಪ್ಲಿಂಗ್ ಎಂದು ಅವರು ಹೆಸರಿಟ್ಟುಕೊಂಡ ಈ ನೆಲೆಯೇ ಭಾರತದಲ್ಲಿನ ಅವರ ಬೇಸಾಯದ ವಸತಿಗಳಲ್ಲಿ ಮೊದಲನೆಯದು. ಕೊಟ್ಟ ನೆಲವು ಕಾಡು. ಮರ ಕಡಿದು, ಬೇರು ಕಿತ್ತು, ಸುಟ್ಟು, ಹೊಲ ಮಾಡಬೇಕಾಗಿದ್ದಿತು. ಲ್ಹಾಸಾ ನಗರವಿರುವುದು ಸುಮಾರು 12,000 ಅಡಿ ಎತ್ತರದಲ್ಲಿ. ಬೈಲಕುಪ್ಪೆ 3,000 ಅಡಿಗೂ ಕಡಿಮೆ. ಡೇರೆಗಳಲ್ಲಿ ವಾಸ, ಮೇಲೆ ಬಿಸಿಲು, ಸುತ್ತಲೂ ಸುಡುವ ಕಾಡಿನ ಝಳ, ರಾತ್ರಿಯಲ್ಲಿ ಆನೆಗಳ ಹಾವಳಿ. ಬಾರ್ಲಿಯ ಹಿಟ್ಟನ್ನೂ ಬೆಣ್ಣೆ ಹಾಕಿದ ಉಪ್ಪು ಚಹವನ್ನೂ ಉಂಡು ಬೆಳೆದವರು ಮುಸುಕಿನ ಜೋಳವನ್ನು ಬಿತ್ತುವುದನ್ನು ಕಲಿಯಬೇಕಾಯಿತು. 'ಇಲ್ಲಿಯೇ ಬೂದಿಯಾಗಿ ಹೋಗುತ್ತೇವೆ' ಎಂದು ಹತಾಶರಾದ ಮೊದಲ ಒಕ್ಕಲುಗಳನ್ನು ಕಣ್ಣಾರೆ ನೋಡಿದ ವಿಷಾದವು ದಲೈ ಲಾಮಾ ಅವರ ನೆನಪುಗಳಲ್ಲಿ ಉಳಿದಿದೆ.

ಹೀಗೆ ಆರಂಭವಾದ ವಸತಿಯು ಹುಚ್ಚಾಸ್ಪತ್ರೆಯ ಬಾಗಿಲಿಗೆ ಹೋಗಿ ನಿಲ್ಲದೆ ನೆಲೆನಿಂತ ಊರಾಯಿತಷ್ಟೆ. ಅದು ಏಕೆ ಎಂಬುದನ್ನು ತಿಳಿಯಬೇಕಾದರೆ ಈ ಬಗೆಯ ವ್ಯಾಧಿಯ ವಿಚಾರವಾಗಿ ವೈದ್ಯರ ತಿಳಿವಳಿಕೆಯು ಬೆಳೆದು ಬಂದ ದಾರಿಯನ್ನು ಸ್ವಲ್ಪ ನೋಡಬೇಕು.

ಊರಿನ ಹಂಬಲವನ್ನು ರೋಗವೆಂದು ಕರೆದು ಅದಕ್ಕೆ ಗ್ರೀಕ್ ಮೂಲದ 'ನಾಸ್ಟಾಲ್ಜಿಯ' ಎಂಬ ಹೆಸರನ್ನು ಕೊಟ್ಟವನು ಯೋಹಾನೆಸ್ ಹೋಫರ್ ಎಂಬ ವೈದ್ಯ ವಿದ್ಯಾರ್ಥಿ. 1688ರಲ್ಲಿ, ಬಾಸೆಲ್ ನಗರದಲ್ಲಿ. ಪರದೇಶದ ದೊರೆಗಳ ಕೈಕೆಳಗೆ ಸಂಬಳಕ್ಕೆ ದುಡಿಯುತ್ತಿದ್ದ ಸ್ವಿಸ್ ಸಿಪಾಯಿಗಳ ರೋಗವೆಂದು ಅದು ಬಹುಕಾಲ ಪ್ರಸಿದ್ಧವಾಗಿದ್ದಿತು. ಆಮೇಲೆ 1932ರಲ್ಲಿ ನಾರ್ವೆಯ ಓಡೆಗಾರ್ಡ್ ಎಂಬ ವೈದ್ಯರು, ಅಮೆರಿಕದ ಮಿನೆಸೋಟಾಕ್ಕೆ ಹೋಗಿ ನೆಲೆಸಿದ ತಮ್ಮ ದೇಶದವರಲ್ಲಿ ಚಿತ್ತವಿಕಾರವು ತಾಯ್ನಾಡಿನಲ್ಲಿ ಉಳಿದವರಿಗಿಂತ ಹೆಚ್ಚೆಂದು ತೋರಿಸಿ, ಮೊದಲೇ ಮನಸ್ಸು ನೆಲೆಯಿಲ್ಲದವರೇ ಊರು ಬಿಡುತ್ತಾರೆಂದು ಊಹಿಸಿದರು. ತಾನಾಗಿ ಹೊರಟವನ ಮಟ್ಟಿಗೆ ಇದನ್ನು ಒಪ್ಪಬಹುದೋ ಏನೋ. ಮನೆಗೆ ಬೆಂಕಿ ಬಿದ್ದುದರಿಂದ ಓಡಿದವನಿಗೆ ಇದನ್ನು ಅನ್ವಯಿಸುವುದು ನ್ಯಾಯವಲ್ಲ. ಎರಡನೆಯ ಮಹಾಯುದ್ಧವು ಮುಗಿದ ಮೇಲೆ ಐರೋಪ್ಯ ನಿರಾಶ್ರಿತರನ್ನು ಪರೀಕ್ಷಿಸಿದ ಲಿಯೋ ಐಟಿಂಗರ್ ಅವರು ಸ್ವತಃ ನಿರಾಶ್ರಿತರಾಗಿ ನಾರ್ವೆಗೆ ಬಂದು, ಅಲ್ಲಿಂದ ಆಶ್‌ವಿಟ್ಸ್‌ಗೆ ಒಯ್ಯಲ್ಪಟ್ಟು, ಬದುಕಿ ಹಿಂತಿರುಗಿದವರು. ನಾರ್ವೆಯಲ್ಲಿ ನೆಲೆಸಿದ ನಿರಾಶ್ರಿತರಲ್ಲಿ ಬುದ್ಧಿಭ್ರಮಣೆಯು ಆ ದೇಶದವರಿಗಿಂತ ಹಲವು ಪಟ್ಟು ಹೆಚ್ಚಾಗಿರುವುದನ್ನು ಅವರು ಕಂಡರು. ಯುದ್ಧದ ಗಾಯದ ಜೊತೆಗೆ, ಭಾಷೆ ಬಾರದ ಊರಿನಲ್ಲಿ ಒಬ್ಬೊಂಟಿಯಾಗಿರುವ ಬದುಕೂ ಅದಕ್ಕೆ ಕಾರಣವೆಂದು ಅವರು ಬಗೆದರು. 1955ರಲ್ಲಿ ಮರ್ಫಿ ಎಂಬ ವಿದ್ವಾಂಸರು ಯುನೆಸ್ಕೋ ಸಂಸ್ಥೆಗಾಗಿ ಸಂಪಾದಿಸಿದ ಗ್ರಂಥದ ಹೆಸರಿನಲ್ಲಿಯೇ ಪಲಾಯನ, ಪುನರ್ವಸತಿ ಎರಡೂ ಸೇರಿವೆ.

ಈ ಊಹೆಗಳನ್ನು ದೀರ್ಘಕಾಲದ ಪರೀಕ್ಷೆಗೆ ಒಡ್ಡಿದುದು ಕೆನಡಾ ದೇಶದಲ್ಲಿ. ವಿಯೆಟ್ನಾಮ್, ಲಾವೋಸ್, ಕಾಂಬೋಡಿಯ ದೇಶಗಳಿಂದ ದೋಣಿಗಳಲ್ಲಿಯೂ ಕಾಲ್ನಡೆಯಲ್ಲಿಯೂ ಪಾರಾಗಿ ಬಂದವರಲ್ಲಿ ಸುಮಾರು 60,000 ಜನರನ್ನು ಆ ದೇಶವು 1979-80ರಲ್ಲಿ ಬರಮಾಡಿಕೊಂಡಿತು. ಅವರಲ್ಲಿ ಒಂದು ಪಾಲನ್ನು ಸರಕಾರ ಸಾಕಿತು; ಇನ್ನೊಂದು ಪಾಲನ್ನು ಇಗರ್ಜಿಗಳವರೂ ನೆರೆಹೊರೆಯವರ ಕೂಟಗಳೂ ತಾವಾಗಿ ವಹಿಸಿಕೊಂಡವು. ಮಾರ್ಟನ್ ಬೈಸರ್ ಎಂಬ ಮನೋವೈದ್ಯರು ವ್ಯಾಂಕೂವರ್ ನಗರದ ಸುತ್ತುಮುತ್ತಲಲ್ಲಿದ್ದ 1,348 ಮಂದಿ ವಯಸ್ಕರನ್ನು 1981ರಲ್ಲಿ ಮೊದಲ್ಗೊಂಡು ಸುಮಾರು ಹತ್ತು ವರ್ಷಗಳ ಕಾಲ ಮತ್ತೆ ಮತ್ತೆ ಕಂಡು ವಿಚಾರಿಸಿದರು. ಒಂದು ದಿನ ಬಂದು ಪ್ರಶ್ನೆಪತ್ರಿಕೆಯನ್ನು ತುಂಬಿಸಿಕೊಂಡು ಹೋಗುವ ಪರೀಕ್ಷಕರು ಬಹಳ. ಹತ್ತು ವರ್ಷ ಬಾಗಿಲು ತಟ್ಟುವವರು ಅಪರೂಪ.

ಅವರು ಕಂಡುಕೊಂಡ ಸಂಗತಿಗಳು ವಿಚಾರಾರ್ಹವಾಗಿವೆ. ಬಂದ ಹೊಸದರಲ್ಲಿ ಜನ ಕುಗ್ಗಿರಲಿಲ್ಲ. ಬದುಕಿ ಉಳಿದೆವೆಂಬ ನೆಮ್ಮದಿ ಅವರನ್ನು ಎತ್ತಿ ಹಿಡಿದಿದ್ದಿತು. ಖಿನ್ನತೆಯು ಬಲವಾಗಿ ಕಂಡುದು ಹತ್ತು ಹನ್ನೆರಡು ತಿಂಗಳು ಕಳೆದ ಮೇಲೆ, ಸ್ವಾಗತದ ಗದ್ದಲವು ಅಡಗಿ, ಕೆಲಸ ಸಿಕ್ಕದೆ, ಊರಿನ ನೆನಪು ಕಾಡತೊಡಗಿದಾಗ. ನೆರವಿನ ಕೈಗಳು ಹಿಂದಕ್ಕೆ ಸರಿಯುವ ಸಮಯವೂ ಅದೇ ಎಂಬುದನ್ನು ವಾಚಕರು ಗಮನಿಸಬೇಕು.

ವಿಯೆಟ್ನಾಮಿನಿಂದ ಬಂದವರಲ್ಲಿ ಚೀನೀ ವಂಶದವರು ಅನೇಕರಿದ್ದರು. ವ್ಯಾಂಕೂವರಿನಲ್ಲಿ ಚೀನೀಯರ ಹಳೆಯ ಕೇರಿಯೊಂದು ಮೊದಲೇ ಇದ್ದಿತು. ಅಂಗಡಿಗಳು, ಗುಡಿಗಳು, ಸಂಘಗಳು, ತಮ್ಮ ಮಾತನ್ನಾಡುವ ವೈದ್ಯರು ಅಲ್ಲಿ ಸಿಕ್ಕುತ್ತಿದ್ದರು. ಈ ಚೀನೀ ವಂಶದವರ ಮನಸ್ಸು, ಅಂತಹ ಕೇರಿಯೇ ಇಲ್ಲದಿದ್ದ ವಿಯೆಟ್ನಾಮೀಯರ ಮತ್ತು ಲಾವೋಸಿನವರ ಮನಸ್ಸಿಗಿಂತ ಚೆನ್ನಾಗಿ ಉಳಿಯಿತು. ದಾರಿಯಲ್ಲಿ ಪಟ್ಟ ಪಾಡು ಎಲ್ಲರಿಗೂ ಇದ್ದಿತು. ತಮ್ಮವರ ನೆರೆ ಮಾತ್ರ ಕೆಲವರಿಗೇ ದೊರೆಯಿತು. ಮದುವೆಯಾಗಿದ್ದವರು ಒಂಟಿಯಾದವರಿಗಿಂತ ಮೇಲಾಗಿದ್ದರು. ಕೆಲಸ ಹೋದವರು ಕುಗ್ಗಿದರು. ವಿಚಿತ್ರವೆಂದರೆ, ಆಶ್ರಯ ಕೊಟ್ಟವರ ಕರುಣೆಯೂ ಕೆಲವು ಕಡೆ ಹೊರೆಯಾಯಿತು. ಬೌದ್ಧರನ್ನೋ ಬೇರೆ ಮತದವರನ್ನೋ ಕ್ರೈಸ್ತ ಕೂಟಗಳು ವಹಿಸಿಕೊಂಡಲ್ಲಿ, ಉಪಕಾರದ ಋಣವನ್ನು ಮತದ ಮೂಲಕ ತೀರಿಸಬೇಕೇನೋ ಎಂಬ ಸಂಕಟ ಹುಟ್ಟಿ ಮನಸ್ಸಿಗೆ ಕೇಡಾಯಿತು. ಆದರೆ ಹತ್ತು ವರ್ಷ ಕಳೆದ ಮೇಲೆ ನೋಡಿದರೆ, ನೆರೆಹೊರೆಯ ಕೂಟಗಳು ವಹಿಸಿಕೊಂಡವರು ಸರಕಾರ ಸಾಕಿದವರಿಗಿಂತ ಹೊಸ ದೇಶಕ್ಕೆ ಚೆನ್ನಾಗಿ ಹೊಂದಿಕೊಂಡಿದ್ದರು. ಆ ಹತ್ತು ವರ್ಷಗಳಲ್ಲಿ ಖಿನ್ನತೆಯು ಒಟ್ಟಿನಲ್ಲಿ ತಗ್ಗಿತು.

ಇನ್ನೊಂದು ಸೂಕ್ಷ್ಮವಾದ ಅಂಶ. ಈ ಜನ ಬಹಳ ಮಂದಿ ಹಿಂದಿನದನ್ನು ಕುರಿತು ಯೋಚಿಸುವುದನ್ನೇ ಬಿಟ್ಟು, ಇಂದಿನ ದಿನವೊಂದಕ್ಕೇ ಅಂಟಿಕೊಂಡು ಬದುಕುತ್ತಿದ್ದರು. ಗಾಯಗೊಂಡವನು ಗಾಯವನ್ನು ನೋಡದಿರುವ ಉಪಾಯ ಅದು. ಆರಂಭದಲ್ಲಿ ಅದರಿಂದ ಲಾಭವಿದೆ. ಆದರೆ ವರ್ಷಗಳು ಕಳೆದ ಮೇಲೆ ಹಿಂದಿನ ಕಾಲವು ತಾನಾಗಿ ತಿರುಗಿ ಬರುತ್ತದೆ. ಆಗ ಕೈಯಲ್ಲಿ ಕೆಲಸವೂ ಬಳಿಯಲ್ಲಿ ಸಂಗಾತಿಯೂ ಇದ್ದವನು ಅದನ್ನು ತಾಳಿಕೊಳ್ಳುತ್ತಾನೆ, ಇಲ್ಲದವನು ಕುಸಿಯುತ್ತಾನೆ ಎಂದು ಬೈಸರ್ ಅವರ ವಿಚಾರಣೆಯಿಂದ ತಿಳಿದುಬಂದಿತು.

ಅದೇ ಕಾಲದಲ್ಲಿ ಅಮೆರಿಕದ ಸಂಯುಕ್ತ ಸಂಸ್ಥಾನಗಳಿಗೆ ಬಂದ ಹ್ಮೊಂಗ್ ಎಂಬ ಗುಡ್ಡಗಾಡಿನ ಜನರ ಪಾಡು ಬೇರೆಯಾಯಿತು. ಲಾವೋಸಿನ ಗುಪ್ತಯುದ್ಧದಲ್ಲಿ ಅಮೆರಿಕದವರ ಪರವಾಗಿ ಹೋರಾಡಿ 1975ರಲ್ಲಿ ನೆಲೆ ಕಳೆದುಕೊಂಡವರಿವರು. ಯಾವ ಊರಿಗೂ ಹೊರೆಯಾಗಬಾರದೆಂದು ಸರಕಾರವು ಇವರನ್ನು ದೇಶದ ತುಂಬ ಚೆದರಿ ಹಾಕಿತು. ಕುಲವೇ ಪ್ರಾಣವಾಗಿದ್ದ ಜನರಲ್ಲಿ ಒಂದು ಕುಲದವರು ಒಂದೊಂದು ಪ್ರಾಂತದ ಪಾಲಾದರು. ಸತ್ತವರಿಗೆ ಸಂಸ್ಕಾರ ಮಾಡಿಸುವವರೂ ಭೂತಪ್ರೇತಗಳನ್ನು ಶಾಂತಿಗೊಳಿಸುವ ಪೂಜಾರಿಯೂ ಅನೇಕರಿಗೆ ಸಿಕ್ಕಲಿಲ್ಲ. ಈ ನಡುವೆ ಆರೋಗ್ಯವಂತರಾದ ಹ್ಮೊಂಗ್ ಯುವಕರು ರಾತ್ರಿ ಮಲಗಿದವರು ಬೆಳಗಾಗುವುದರೊಳಗೆ ಸತ್ತಿರುವ ಪ್ರಸಂಗಗಳು ಹೆಚ್ಚಿ, 1981ರಲ್ಲಿ ತುದಿ ಮುಟ್ಟಿದವು. ದುಃಖವೇ ಕೊಂದಿತೆಂದು ಬರೆಯುವುದು ಲೇಖಕರಿಗೆ ಸುಲಭ. ಆಗ್ನೇಯ ಏಷ್ಯದ ಪುರುಷರಲ್ಲಿ ಕಂಡುಬರುವ ಹುಟ್ಟಿನಿಂದಲೇ ಬಂದ ಹೃದಯದೋಷವೊಂದು ಇಂತಹ ಸಾವಿಗೆ ಮೂಲವೆಂದು ತರುವಾಯದ ವೈದ್ಯರು ತೋರಿಸಿದ್ದಾರೆ. ಆದರೆ ಆ ದೋಷವು ಲಾವೋಸಿನಲ್ಲಿಯೂ ಇದ್ದಿತಷ್ಟೆ. ಅಮೆರಿಕದಲ್ಲಿ, ಬಂದ ಮೊದಲ ವರ್ಷಗಳಲ್ಲಿ, ಏಕೆ ಎದ್ದಿತು ಎಂಬ ಪ್ರಶ್ನೆಗೆ ಶೆಲ್ಲಿ ಆಡ್ಲರ್ ಎಂಬ ವಿದುಷಿಯು, ಆಚರಣೆ ತಪ್ಪಿದ ಭಯವೂ ರಾತ್ರಿ ಎದೆಯ ಮೇಲೆ ಕೂರುವ ಪೀಡೆಯ ನಂಬಿಕೆಯೂ ಅದಕ್ಕೆ ಸೇರಿಕೊಂಡವೆಂದು ಉತ್ತರಿಸಿದ್ದಾರೆ. ಅದೇನೇ ಇರಲಿ, ಜನರು ತಾವೇ ಪರಿಹಾರವನ್ನು ಹುಡುಕಿಕೊಂಡರು. ಸರಕಾರವು ಚೆದರಿದುದನ್ನು ಅವರು ಮತ್ತೆ ಕೂಡಿಸಿದರು. ಗಂಟುಮೂಟೆ ಕಟ್ಟಿಕೊಂಡು ಕ್ಯಾಲಿಫೋರ್ನಿಯದ ಫ್ರೆಸ್ನೋ ನಗರಕ್ಕೂ ಮಿನೆಸೋಟಾದ ಸೇಂಟ್ ಪಾಲ್ ನಗರಕ್ಕೂ ಸಾವಿರ ಸಾವಿರವಾಗಿ ಹೋಗಿ ಸೇರಿದರು.

ಇಂತಹ ಹಲವು ವಿಚಾರಣೆಗಳನ್ನು ಒಟ್ಟುಗೂಡಿಸಿ ತೂಗಿ ನೋಡಿದವರು ಪೋರ್ಟರ್ ಮತ್ತು ಹ್ಯಾಸ್ಲಮ್ ಎಂಬವರು. 2005ರಲ್ಲಿ ಪ್ರಕಟವಾದ ಅವರ ಲೇಖನದಲ್ಲಿ 56 ವರದಿಗಳೂ 67,294 ಜನರೂ ಸೇರಿದ್ದಾರೆ. ಶಿಬಿರಗಳಂತಹ ಸಾಮೂಹಿಕ ವಸತಿಯಲ್ಲಿ ಇಟ್ಟವರು, ದುಡಿಯಲು ಅವಕಾಶವಿಲ್ಲದವರು, ಬಿಟ್ಟು ಬಂದ ನಾಡಿನ ಜಗಳವು ಇನ್ನೂ ತೀರದವರು ಹೆಚ್ಚು ಬಳಲಿದರು. ಓದಿದವರೂ ಮೊದಲು ಅನುಕೂಲಸ್ಥರಾಗಿದ್ದವರೂ ಇತರರಿಗಿಂತ ಹೆಚ್ಚು ನೊಂದರು; ಎತ್ತರದ ಮೆಟ್ಟಿಲಿನಿಂದ ಬಿದ್ದವನ ಪೆಟ್ಟು ದೊಡ್ಡದಲ್ಲವೆ? ಇನ್ನು ಕಾಗದಪತ್ರಗಳ ಮಾತು. 1999ರಲ್ಲಿ ಆಸ್ಟ್ರೇಲಿಯಾದವರು ಕೆಲವು ನಿರಾಶ್ರಿತರಿಗೆ ಮೂರು ವರ್ಷಗಳ ತಾತ್ಕಾಲಿಕ ರಹದಾರಿಯನ್ನು ಮಾತ್ರ ಕೊಡುವ ಪದ್ಧತಿಯನ್ನು ತಂದರು. ಇರಾಕ್ ಮತ್ತು ಇರಾನಿನಿಂದ ಸಿಡ್ನಿ ನಗರಕ್ಕೆ ಬಂದ ಮಂಡೇಯನ್ ಮತದ 241 ಜನರನ್ನು ಪರೀಕ್ಷಿಸಿ 2006ರಲ್ಲಿ ಬರೆದ ವರದಿಯಂತೆ, ತಾತ್ಕಾಲಿಕ ರಹದಾರಿಯವರ ಚಿತ್ತವು ಶಾಶ್ವತ ನೆಲೆ ಪಡೆದ ಅದೇ ಮತದವರ ಚಿತ್ತಕ್ಕಿಂತ ಬಹಳ ಕೆಟ್ಟಿದ್ದಿತು. ನಾಳೆ ಹೊರಡಿಸಿಯಾರು ಎಂಬ ಅಂಜಿಕೆಯಿದ್ದವನಿಗೆ ಹಿಂದಿನ ಗಾಯ ಮಾಯುವುದಿಲ್ಲ.

ನಮ್ಮ ದೇಶದಲ್ಲಿಯೇ ಒಂದು ಕಹಿಯಾದ ದೃಷ್ಟಾಂತವಿದೆ. ಪೂರ್ವ ಬಂಗಾಳದಿಂದ ಬಂದ ಹಿಂದೂ ನಿರಾಶ್ರಿತರಿಗಾಗಿ 1958ರಲ್ಲಿ ದಂಡಕಾರಣ್ಯ ಯೋಜನೆಯನ್ನು ಆರಂಭಿಸಿದರು. ನದಿ, ಮೀನು, ಕೆಸರುಗದ್ದೆಗಳ ನಾಡಿನ ಒಕ್ಕಲಿಗರನ್ನು, ಮೊದಲು ವರ್ಷಗಟ್ಟಲೆ ಶಿಬಿರಗಳಲ್ಲಿ ದಾನದ ಅಕ್ಕಿಯ ಮೇಲೆ ಕೂಡಿಸಿ, ಆಮೇಲೆ ಬಸ್ತರ್, ಕೋರಾಪುಟ್ ಜಿಲ್ಲೆಗಳ ಕಲ್ಲುನೆಲಕ್ಕೆ ಒಯ್ದು ಬಿಟ್ಟರು. ಅಲ್ಲಿ ಬಂಗಾಳವೂ ಇರಲಿಲ್ಲ, ನೀರೂ ಇರಲಿಲ್ಲ. ಇಪ್ಪತ್ತು ವರ್ಷಗಳಾದರೂ ಅವರ ಮನಸ್ಸು ಅಲ್ಲಿ ಬೇರು ಬಿಡಲಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಡ: 1978ರಲ್ಲಿ ಲಕ್ಷಕ್ಕೂ ಹೆಚ್ಚು ಜನ ಇದ್ದುದನ್ನು ಮಾರಿಕೊಂಡು ಪಶ್ಚಿಮ ಬಂಗಾಳಕ್ಕೆ ಹೊರಟರು. ಸುಂದರಬನದ ಮರಿಚ್‌ಝಾಪಿ ದ್ವೀಪದಲ್ಲಿ ತಾವಾಗಿ ಊರು ಕಟ್ಟಿಕೊಂಡವರನ್ನು 1979ರಲ್ಲಿ ಪೋಲೀಸರು ದಿಗ್ಬಂಧನ ಹಾಕಿ ಹೊರಡಿಸಿದರು. ಅಲ್ಲಿ ಪ್ರಾಣಹಾನಿಯೂ ಆಯಿತು.

ಇಷ್ಟನ್ನು ನೋಡಿದ ಮೇಲೆ ಬೈಲಕುಪ್ಪೆಗೆ ಹಿಂತಿರುಗಬಹುದು. ದಂಡಕಾರಣ್ಯದಲ್ಲಿ ಇಲ್ಲದಿದ್ದುದು ಇಲ್ಲಿ ಏನಿದ್ದಿತು? ನೆಲದ ಗುಣವೊಂದೇ ಅಲ್ಲ. ಟಿಬೆಟ್ಟಿನವರನ್ನು ಊರೂರಿಗೆ ಹಂಚದೆ, ಒಂದೇ ಕಡೆ ಹಳ್ಳಿ ಹಳ್ಳಿಯಾಗಿ ಕೂಡಿಸಿದರು. ಹಳ್ಳಿಗಳ ಒಳಗಿನ ಆಡಳಿತವನ್ನು ದಲೈ ಲಾಮಾ ಅವರ ಕಡೆಯವರಿಗೆ ಬಿಟ್ಟರು. 1961ರಲ್ಲಿ ಕೇಂದ್ರ ಸರಕಾರವು ಟಿಬೆಟ್ಟಿನ ಮಕ್ಕಳಿಗಾಗಿಯೇ ಶಾಲೆಗಳ ಮಂಡಲಿಯನ್ನು ಏರ್ಪಡಿಸಿತು. ಸಹಕಾರ ಸಂಘವು ಹುಟ್ಟಿತು. ಸ್ವಿಟ್ಜರ್ಲೆಂಡಿನವರ ನೆರವೂ ಬಂದಿತು. 1968ರಲ್ಲಿ ಈ ಪುನರ್ವಸತಿಯ ಕಾರ್ಯಕ್ಕಾಗಿಯೇ ಆರಂಭವಾದ ಮೈರಾಡ ಸಂಸ್ಥೆಯು ನಮ್ಮ ನಾಡಿನ ಗ್ರಾಮಸೇವೆಯ ಚರಿತ್ರೆಯಲ್ಲಿ ಹೆಸರು ಪಡೆಯಿತು. 1963ರಲ್ಲಿ ನಮ್ಡ್ರೋಲಿಂಗ್ ಮಠವೂ, 1970ರಲ್ಲಿ ಬಕ್ಸಾದಿಂದ ಬಂದ ಭಿಕ್ಷುಗಳಿಂದ ಸೆರಾ ಮಠವೂ ಇಲ್ಲಿ ಮರುಹುಟ್ಟು ಪಡೆದವು. ಮುಂಡಗೋಡು, ಹುಣಸೂರು, ಕೊಳ್ಳೇಗಾಲಗಳ ವಸತಿಗಳಲ್ಲಿಯೂ ಇದೇ ಕ್ರಮವನ್ನು ಅನುಸರಿಸಿದರು. 1960ರ ದಶಕದ ನಡುವಿನಲ್ಲಿ ಇಲ್ಲಿಗೆ ಬಂದು ಅಭ್ಯಾಸ ಮಾಡಿದ ಮಾನವಶಾಸ್ತ್ರಜ್ಞರಾದ ಮೆಲ್ವಿನ್ ಗೋಲ್ಡ್‌ಸ್ಟೈನ್ ಅವರು ಈ ವಸತಿಯ ಏಳಿಗೆಗೆ, ಸರಕಾರವು ಒಳಗಿನ ಬಾಳಿನಲ್ಲಿ ಕೈಹಾಕದೆ ಇದ್ದುದು ಒಂದು ದೊಡ್ಡ ಕಾರಣವೆಂದು ಹೇಳಿದ್ದಾರೆ. ನಮ್ಮ ಅಧಿಕಾರಿಗಳು ಇಷ್ಟೆಲ್ಲವನ್ನೂ ಮನಶ್ಶಾಸ್ತ್ರವನ್ನು ಓದಿ ಮಾಡಿದರೆಂದು ಹೇಳಲಾಗದು. ಅವರು ಬೇಗನೆ ಹಿಂತಿರುಗುತ್ತಾರೆಂಬ ಎಣಿಕೆಯೂ ಇದ್ದಿತು. ಹಿಂತಿರುಗಬೇಕಾದವರ ಭಾಷೆ, ಮತ, ನಡೆನುಡಿಗಳು ಹಾಗೆಯೇ ಉಳಿಯಲೆಂದು ಬಿಟ್ಟುದು ಅವರ ಮನಸ್ಸನ್ನೂ ಉಳಿಸಿತು.

ಮತದ ಬಲವನ್ನು ಇಲ್ಲಿ ಬೇರೆಯಾಗಿ ಹೇಳಬೇಕು. 2001ರಲ್ಲಿ ಪ್ರಕಟವಾದ ಒಂದು ವಿಚಾರಣೆಯಲ್ಲಿ, ಭಾರತಕ್ಕೆ ಬಂದ 76 ಟಿಬೆಟ್ಟಿನವರನ್ನು ಅವರು ಕಂಡ ಅತ್ಯಂತ ಘೋರವಾದುದು ಯಾವುದೆಂದು ಕೇಳಿದರೆ, ಧರ್ಮದ ಕುರುಹುಗಳನ್ನು ನಾಶಮಾಡಿದುದನ್ನು ಅವರು ಎತ್ತಿ ಹೇಳಿದರು. ಪರದೇಶದ ಪ್ರಶ್ನೆಪಟ್ಟಿಗಳು ಎಣಿಸದಿದ್ದ ನೋವು ಅದು. ಹಾಗಿರುವಲ್ಲಿ, ಕಾಡು ಕಡಿದ ನೆಲದಲ್ಲಿ ಮೊದಲು ಎದ್ದ ಕಟ್ಟಡಗಳಲ್ಲಿ ಮಠವೂ ಒಂದಾದುದು ದುಂದುಗಾರಿಕೆಯಲ್ಲ, ಚಿಕಿತ್ಸೆ. ಅವರ ವೈದ್ಯಶಾಸ್ತ್ರವೂ ನಮಗೆ ಅಪರಿಚಿತವಲ್ಲ. ವಾಗ್ಭಟನ ಅಷ್ಟಾಂಗಹೃದಯವು 11ನೆಯ ಶತಮಾನದಲ್ಲಿಯೇ ಟಿಬೆಟ್ಟಿನ ಭಾಷೆಗೆ ಹೋಗಿದೆ. ನಮ್ಮ ವಾತಕ್ಕೆ ಅವರು 'ಲುಂಗ್' ಎನ್ನುತ್ತಾರೆ. ಎದೆ ಬಿಗಿತ, ನಿದ್ರೆಯಿಲ್ಲದಿರುವುದು, ಕಾರಣವಿಲ್ಲದ ಅಳು, ದಿಗಿಲು, ಇವುಗಳನ್ನು ಪ್ರಾಣವಾಯುವಿನ ಕೋಪವೆಂದು ಅವರ ವೈದ್ಯರು ಹೇಳಿ, ಅದಕ್ಕೆ ಶೋಕ ಚಿಂತೆಗಳನ್ನೇ ಕಾರಣವೆಂದು ತೋರಿಸುತ್ತಾರೆ. ರೋಗಿಯು ತನ್ನ ನೋವನ್ನು ತನ್ನ ಮಾತಿನಲ್ಲಿ, ನಾಚಿಕೆಯಿಲ್ಲದೆ ಹೇಳಿಕೊಳ್ಳುವ ಬಾಗಿಲು ತೆರೆದಿದ್ದಿತು.

ಆದರೆ ಇದನ್ನೆಲ್ಲ ಹೇಳಿ ಮಂಗಳಾರತಿ ಎತ್ತಿಬಿಟ್ಟರೆ ಸತ್ಯಕ್ಕೆ ಅಪಚಾರವಾದೀತು. ತಲೆಗೆ ಸುಮಾರು ಒಂದು ಎಕರೆಯಂತೆ ದೊರೆತ ಜಮೀನು ಮಕ್ಕಳು ಮೊಮ್ಮಕ್ಕಳಾದಂತೆ ಬೆಳೆಯಲಿಲ್ಲ. ಮಳೆಯನ್ನು ನಂಬಿದ ಬೇಸಾಯ ಹೊಟ್ಟೆಗೆ ಸಾಲದೆ, ಚಳಿಗಾಲ ಬಂದೊಡನೆ ಸ್ವೆಟರುಗಳ ಗಂಟು ಹೊತ್ತು ದೂರದ ನಗರಗಳ ಬೀದಿಬದಿಗೆ ಹೋಗುವುದು ಮನೆಮನೆಯ ಕಸುಬಾಯಿತು. ಆ ತಿಂಗಳುಗಳಲ್ಲಿ ತಾಯಿತಂದೆಗಳು ಬೀದಿಯಲ್ಲಿ, ಮಕ್ಕಳು ವಸತಿ ಶಾಲೆಯಲ್ಲಿ, ಮನೆಯಲ್ಲಿ ಮುದುಕರು. ಇದಾದ ಮೇಲೆ ಯುವಕರು ಅಮೆರಿಕ, ಕೆನಡಾ, ಐರೋಪ್ಯ ದೇಶಗಳಿಗೆ ಹೊರಡುವುದು ಆರಂಭವಾಯಿತು. 2009ರಲ್ಲಿ ಅವರೇ ಮಾಡಿಕೊಂಡ ಜನಗಣತಿಯಂತೆ ಭಾರತದಲ್ಲಿ ಇದ್ದವರು 94,203. ಅದರಿಂದೀಚೆಗೆ ಸಂಖ್ಯೆ ಇಳಿಯುತ್ತಲೇ ಬಂದಿದೆ. ಊರನ್ನು ಊರಾಗಿಯೇ ಎತ್ತಿ ತಂದು ಇಟ್ಟುದು ಯಾವ ಬಲವಾಗಿದ್ದಿತೋ, ಆ ಬಲವೇ ಒಬ್ಬೊಬ್ಬರಾಗಿ ಸೋರಿಹೋಗುತ್ತಿದೆ.

ಅವರು ಹೊರಡುವುದಕ್ಕೆ ಹಣವೊಂದೇ ಕಾರಣವಲ್ಲ. ಇಲ್ಲಿಯೇ ಹುಟ್ಟಿ, ನೆರೆಹಳ್ಳಿಯವರೊಡನೆ ಕನ್ನಡದಲ್ಲಿ ವ್ಯವಹರಿಸಿ ಬೆಳೆದವನ ಕೈಯಲ್ಲಿರುವುದು ಕಾಲಕಾಲಕ್ಕೆ ನವೀಕರಿಸಬೇಕಾದ, ವಿದೇಶೀಯನೆಂದು ಸಾರುವ ನೋಂದಣಿ ಪತ್ರ. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಈ ನೆಲದಲ್ಲಿ ಹುಟ್ಟಿದ ಟಿಬೆಟ್ಟಿನವರು ಹುಟ್ಟಿನಿಂದಲೇ ಭಾರತದ ಪ್ರಜೆಗಳೆಂದು ಕರ್ನಾಟಕದ ಉಚ್ಚ ನ್ಯಾಯಾಲಯವು 2013ರಲ್ಲಿ ತೀರ್ಪು ಕೊಟ್ಟಿತು. ಇಲ್ಲಿಂದ ತೊಡಕು ಮುಗಿಯಬೇಕಾಗಿದ್ದಿತು. ಆದರೆ 2017ರಲ್ಲಿ ಕೇಂದ್ರ ಸರಕಾರದವರು, ಪ್ರಜೆಯೆಂದು ಪಾಸ್‌ಪೋರ್ಟ್ ಪಡೆಯುವವರು ನೋಂದಣಿ ಪತ್ರವನ್ನು ಒಪ್ಪಿಸಬೇಕು, ನಿರಾಶ್ರಿತರ ವಸತಿಯಲ್ಲಿ ವಾಸಮಾಡಕೂಡದು, ನಿರಾಶ್ರಿತರ ಸೌಲಭ್ಯಗಳನ್ನು ಬಿಡಬೇಕು ಎಂದು ವಿಧಿಸಿದರು. ಕಾನೂನಿನ ತರ್ಕ ಇದರಲ್ಲಿ ಇರಬಹುದು. ಆದರೆ ಮನೋವೈದ್ಯರು ಕಂಡುಕೊಂಡ ಎರಡು ಆಸರೆಗಳನ್ನು, ಅಂದರೆ ತಮ್ಮವರ ನೆರೆಯನ್ನೂ ನಾಳೆಯ ಭರವಸೆಯನ್ನೂ, ಒಂದಕ್ಕೊಂದು ಎದುರು ತಕ್ಕಡಿಯಲ್ಲಿಟ್ಟು, ಒಂದನ್ನು ಆರಿಸಿಕೊ ಎಂದು ಹೇಳಿದಂತಾಯಿತು. ಇದರ ಮೇಲೆ ಇನ್ನೊಂದು ಸಂಕಟ: ಪ್ರಜೆಯಾಗುವುದೆಂದರೆ ಹಿಂತಿರುಗುವ ಆಸೆಯನ್ನು ಕೈಬಿಟ್ಟಂತಲ್ಲವೆ ಎಂದು ಹಿರಿಯರು ನೋಯುತ್ತಾರೆ, ಕಾಣದ ನಾಡಿಗಾಗಿ ಎಷ್ಟು ಕಾಲ ಯಾವ ನಾಡಿನವನೂ ಆಗದೆ ಇರಲಿ ಎಂದು ಕಿರಿಯರು ಕೇಳುತ್ತಾರೆ. ಒಂದೇ ಒಲೆಯ ಮುಂದೆ ಕುಳಿತ ಅಜ್ಜನಿಗೂ ಮೊಮ್ಮಗನಿಗೂ ಈ ಮಾತು ಬಂದಾಗ ಚಹ ಆರಿಹೋಗುತ್ತದೆ.

ಈಗ ಅಲ್ಲಿನ ಹಳ್ಳಿಗಳಲ್ಲಿ ಸುತ್ತಿದರೆ ಸಿಕ್ಕುವವರಲ್ಲಿ ಮುದುಕರು ಬಹಳ. 1960ರಲ್ಲಿ ಮರ ಕಡಿದ ಕೈಗಳಲ್ಲಿ ಜಪಮಾಲೆಯಿದೆ. ಬಿತ್ತನೆಯ ಕಾಲದಲ್ಲಿ ಹೊಲಕ್ಕೆ ಇಳಿಯುವವರು ಅನೇಕ ವೇಳೆ ಸುತ್ತಲ ಹಳ್ಳಿಗಳ ನಮ್ಮ ಆಳುಗಳು. ಬೆಳಗಿನ ಹೊತ್ತು ಮುದುಕಿಯರು ಮಠವನ್ನು ಪ್ರದಕ್ಷಿಣೆ ಹಾಕಿ, ಬಿಸಿಲೇರುವ ಮೊದಲೇ ಮನೆಗೆ ಬಂದು, ಟೊರಾಂಟೋ ನಗರದಿಂದ ಮಗ ಕರೆಯುವ ಹೊತ್ತಿಗೆ ದೂರವಾಣಿಯನ್ನು ಕೈಯಲ್ಲಿ ಹಿಡಿದುಕೊಂಡು ಜಗಲಿಯ ಮೇಲೆ ಕೂರುತ್ತಾರೆ. ಅಲ್ಲಿ ಅದು ಹಿಂದಿನ ದಿನದ ರಾತ್ರಿ.